ತಾನಾಗಿ ಶುರುವಾಗುವ ಮೋಟರು

ಆಕೆ ಶುದ್ಧ ಪುಕ್ಕಲಿ. ಇದನ್ನು ಮೃದುವಾಗಿ ಹೇಳುವುದರಿಂದ ಯಾರಿಗೂ ಉಪಯೋಗವಿಲ್ಲ. ಜಿರಲೆ ಕಂಡರೆ ಕುರ್ಚಿ ಹತ್ತುವ ಪುಕ್ಕಲುತನವಾದರೆ ನಕ್ಕು ಮರೆಯಬಹುದು. ಈಕೆಯದು ಮನೆಮಂದಿಯನ್ನೆಲ್ಲ ಸುಸ್ತು ಮಾಡುವ ಭಯ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತ ಮೇಲೂ ಗೋಡೆಯ ಸ್ವಿಚ್ಚನ್ನು ಇನ್ನೊಮ್ಮೆ ನೋಡುವಳು. ಒಲೆ ಆರಿಸಿ ಹೊರಟವಳು ಅರ್ಧ ದಾರಿಯಿಂದ ಹಿಂದಿರುಗುವಳು. ಚಿಕ್ಕಂದಿನಲ್ಲಿ ಏನಾದರೂ ಆಗಿತ್ತೇ ಎಂದು ಕೇಳುವವರಿಗೆ ಉತ್ತರ: ಏನೂ ಆಗಿರಲಿಲ್ಲ. ಮದುವೆಗೆ ಮುಂಚೆ ಒಂದು ದರ್ಜಿ ಅಂಗಡಿಯಲ್ಲಿ ಅಚ್ಚುಕಟ್ಟಾಗಿ ಹೊಲಿಯುತ್ತಿದ್ದಳು; ಕಾಲಲ್ಲಿ ತುಳಿಯುವ ಯಂತ್ರಕ್ಕೆ ಮಾಲೀಕರು ಮೋಟರು ಕೂರಿಸಿದ ದಿನ ಕೆಲಸ ಬಿಟ್ಟಳು. ಅವಳಿಗೆ ನೀರು ಕಂಡರೆ ಒಂದು ಭಯ, ಕರೆಂಟು ಕಂಡರೆ ಇನ್ನೊಂದು. ಮದುವೆಯಾಗಿ ಬಂದದ್ದು ಎರಡನ್ನೂ ಒಂದೇ ಬಾವಿಯಲ್ಲಿ ಇಟ್ಟುಕೊಂಡ ಮನೆಗೆ.

ಬಾವಿ ಆಕೆಯ ಗಂಡ, ಭಾವ ಅಣ್ಣತಮ್ಮಂದಿರಿಬ್ಬರದು. ಜಮೀನು ಪಾಲಾದರೂ ಬಾವಿ ಪಾಲಾಗಲಿಲ್ಲ. ನೀರೊಳಗೆ ಮುಳುಗಿ ಕೂತ ಎರಡು ಮೋಟರು, ಮೇಲೆ ಎರಡು ಶೆಡ್ಡು, ಎರಡು ಬೀಗ. ಭಾವನದು ಹಳೆಯ ದೊಡ್ಡ ಮೋಟರು. ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಯಾರೂ ಹೇಳಲಾರದ ಕಡೆ ಕಾಯುತ್ತ ಕೂರುವವರು ಯಾರು? ಅದಕ್ಕೇ ಆ ಸೀಮೆಯವರೆಲ್ಲ ಸ್ಟಾರ್ಟರಿನ ಪಕ್ಕ ಒಂದು ಆಟೋ ಡಬ್ಬಿ ಹಾಕಿಸಿದ್ದರು. ಕರೆಂಟು ಬಂದ ಕೂಡಲೇ ಮೋಟರು ತಾನಾಗಿ ಶುರು, ಹೋಗುವವರೆಗೆ ಓಟ. ಗಿಡಕ್ಕೆ ಸಾಕಾಯಿತೇ ಎಂದು ನೋಡುವವರಿಲ್ಲ. ಭಾವನ ಹೊಲ ತುಂಬಿ, ಬದು ದಾಟಿ, ನೀರು ರಸ್ತೆಯ ಮೇಲೆ ನಿಲ್ಲುತ್ತಿತ್ತು.

ಆಕೆಯ ಗಂಡ ಬೇರೆ ದಾರಿ ಹಿಡಿದ. ಸಣ್ಣ ಮೋಟರು ಇಳಿಸಿ, ಸಾಲುಸಾಲಿಗೆ ಡ್ರಿಪ್ ಪೈಪು ಎಳೆದ. ಅಣ್ಣ ಬದುವಿನ ಮೇಲೆ ನಿಂತು ನಕ್ಕ.

"ಏನೋ ಇದು, ಕಣ್ಣಿಗೆ ಔಷಧಿ ಬಿಟ್ಟ ಹಾಗೆ ನೀರು ಬಿಡ್ತಿದೀಯ? ಗಿಡಗಳಿಗೆ ಕಣ್ಣುಬೇನೆನಾ?"

"ನಿನ್ನ ಗಿಡ ಈಜು ಕಲೀತಿವೆಯಲ್ಲ, ಅದಕ್ಕಿಂತ ವಾಸಿ ಬಿಡು," ಎಂದ ತಮ್ಮ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಸಾಲಿನ ಕೊನೆಯ ಗಿಡಗಳು ಬಾಡತೊಡಗಿದವು. ಪೈಪಿನ ತುದಿಯಲ್ಲಿ ನೀರಿನ ಬದಲು ಗಾಳಿ ಉಸ್ಸೆನ್ನುತ್ತಿತ್ತು. ಮೋಟರಿನ ಬಾಯಿಯ ಜಾಲರಿಗೆ ಪಾಚಿ, ಬೇರು ಅಡರಿರಬೇಕು ಎಂದ ಮೆಕ್ಯಾನಿಕ್. ಹೀಗೇ ಓಡಿಸಿದರೆ ಕರೆಂಟು ಹೆಚ್ಚು ಎಳೆದು ನೀರು ಕಡಿಮೆ ಕೊಟ್ಟು ಒಂದು ದಿನ ಸುಟ್ಟುಹೋಗುತ್ತದೆ ಎಂದೂ ಹೇಳಿದ.

"ನಾನೇ ಇಳಿದು ತೆಗೀತೀನಿ. ಇವತ್ತು ಲೈನ್ ರಿಪೇರಿ, ಸಂಜೆವರೆಗೂ ಕರೆಂಟಿಲ್ಲ," ಎಂದ ಗಂಡ.

ಆಕೆ ತಮ್ಮ ಶೆಡ್ಡಿನ ಫ್ಯೂಸುಗಳನ್ನು ಕಿತ್ತು ಕಿಟಕಿಯ ಮೇಲಿಟ್ಟಳು. ಆಮೇಲೆ ಪಕ್ಕದ ಶೆಡ್ಡಿನ ಕಡೆ ನೋಡಿದಳು. ಬೀಗ. ಒಳಗೆ ಆಟೋ ಡಬ್ಬಿ. ಅಲ್ಲಿಂದ ಹೊರಟ ಕೇಬಲ್ಲು ಬಾವಿಯ ಕಲ್ಲಿಗೆ ಆತು ಕೆಳಗಿಳಿದು, ನೀರಿಗೆ ಮುಟ್ಟುವ ಜಾಗದಲ್ಲಿ ದಪ್ಪಗೆ ಟೇಪು ಸುತ್ತಿದ ಒಂದು ಗಂಟಾಗಿ, ಮುಂದೆ ಕಪ್ಪು ನೀರಲ್ಲಿ ಕಾಣದಾಗಿತ್ತು.

"ರೀ, ಭಾವನ ಮೋಟರು ಆಟೋದಲ್ಲಿದೆ."

"ಇರಲಿ. ಕರೆಂಟೇ ಇಲ್ಲ."

"ಬಂದ್ರೆ?"

"ಬಂದ್ರೆ ಬಾ ಅಂತ ಕೂರಿಸಿ ಮಾತಾಡಿಸು. ಆ ಹಗ್ಗ ಹಿಡ್ಕೋ ತಾಯಿ, ಸುಮ್ಮನೆ ತಲೆ ತಿನ್ಬೇಡ."

ಗಂಡ ಮೆಟ್ಟಿಲಿಳಿದು ಎದೆಮಟ್ಟ ನೀರಿಗೆ ಹೋದ. ಹಗ್ಗದಿಂದ ಮೋಟರನ್ನು ಮೇಲೆಳೆದು ಒಂದು ಮೆಟ್ಟಿಲಿಗೆ ಒರಗಿಸಿ, ನೀರಲ್ಲಿ ನಿಂತೇ ಸ್ಪ್ಯಾನರು ಹಾಕಿದ. ಆಕೆ ಹಗ್ಗವನ್ನು ಮೇಲಿನ ಕಂಬಕ್ಕೆ ಕಟ್ಟಿ ಭಾವನಿಗೆ ಫೋನು ಮಾಡಿದಳು. ಆತ ಟ್ರ್ಯಾಕ್ಟರು ರಿಪೇರಿಗೆಂದು ಪೇಟೆಗೆ ಹೋಗಿದ್ದ. ಬೀಗದ ಕೈ ಅವನ ಜೇಬಲ್ಲಿತ್ತು.

"ಸಂಜೆತನಕ ಕರೆಂಟು ಬರಲ್ಲಮ್ಮಾ. ನೀನು ಯಾವತ್ತು ಹೆದರಿಲ್ಲ ಹೇಳು? ಅದೊಂದು ದಿನ ನೋಡಿ ಸಾಯ್ತೀನಿ," ಎಂದು ನಕ್ಕು ಇಟ್ಟುಬಿಟ್ಟ.

ಲೈನ್‌ಮನ್‌ಗೆ ಮಾಡಿದಳು. ಎರಡನೆಯ ಸಲಕ್ಕೆ ಎತ್ತಿದ.

"ಕೆಲಸ ಬೇಗ ಮುಗೀತಕ್ಕಾ. ನಾವು ಕಂಬ ಇಳಿದಾಯ್ತು. ಕರೆಂಟ್ ಸ್ಟೇಷನ್ನಿಗೆ ಹೇಳಿದೀವಿ, ಇನ್ನೇನು ಲೈನ್ ಬಿಡ್ತಾರೆ."

"ನಿಲ್ಸಿ! ನಮ್ಮನೆಯವರು ಬಾವಿಲಿದ್ದಾರೆ!"

"ನಾನು ಹೇಗೆ ನಿಲ್ಸಲಿ, ಅದು ಸ್ಟೇಷನ್ನಿನವರ ಕೈಲಿ... ತಡೀರಿ, ಅವರಿಗೆ ಮಾಡಿ ನೋಡ್ತೀನಿ. ಮೊದಲು ಅವರನ್ನ ಮೇಲೆ ಕರೀರಿ ಅಕ್ಕಾ!"

ಆಕೆ ಬಾವಿಗೆ ಬಗ್ಗಿ ಕೂಗಿದಳು. ಕೆಳಗೆ ಕಲ್ಲಿಗೆ ಬಡಿದ ದನಿ ಮುರಿದು ಗೋಜಲಾಯಿತು.

"ಕರೆಂಟು ಬರುತ್ತಂತೆ, ಹತ್ತಿ ಬನ್ನಿ!"

"ಹೂಂ ಹೂಂ," ಎಂದ ಆತ ತಲೆಯೆತ್ತದೆ. "ಒಂದು ನಟ್ಟು ಬಾಕಿ ಇದೆ. ಬಿಟ್ಟು ಬಂದ್ರೆ ಜಾಲರಿ ತಳಕ್ಕೆ ಹೋಗುತ್ತೆ."

ಜೀವಮಾನವಿಡೀ ತೋಳ ಬಂತು ಎಂದು ಕೂಗಿದವಳ ಮಾತು ನಿಜವಾದ ದಿನ ಕೇಳುವವರಿರುವುದಿಲ್ಲ. ಇದರಲ್ಲಿ ಗಂಡನ ತಪ್ಪು ಎಷ್ಟೋ ಆಕೆಯದೂ ಅಷ್ಟೇ.

ಆಕೆ ಭಾವನ ಶೆಡ್ಡಿನ ಬೀಗವನ್ನು ಕಲ್ಲಿನಿಂದ ಬಡಿದಳು, ಅದು ಜಗ್ಗಲಿಲ್ಲ. ಉಳಿದದ್ದು ರಸ್ತೆಯಂಚಿನ ಟ್ರಾನ್ಸ್‌ಫಾರ್ಮರು. ಅದರ ಕಂಬದಲ್ಲಿ ಒಂದು ಉದ್ದನೆಯ ಕಬ್ಬಿಣದ ಹ್ಯಾಂಡಲು. ಇಳಿಸಿದರೆ ಆ ಸಾಲಿನ ಹೊಲಗಳಿಗೆಲ್ಲ ಕರೆಂಟು ಕಟ್ಟು. ಅದನ್ನು ಮುಟ್ಟುವ ಹಕ್ಕು ಲೈನ್‌ಮನ್‌ಗೆ ಮಾತ್ರ. ಆಕೆ ಆ ಕಂಬದ ನೆರಳು ತುಳಿಯದೆ ರಸ್ತೆಯ ಆಚೆ ಬದಿಯಲ್ಲಿ ನಡೆಯುವವಳು.

ಓಡಿದಳು. ಚಪ್ಪಲಿ ಕಳಚಿತೆಂದು ನಿಂತು ಮತ್ತೆ ಹಾಕಿಕೊಂಡಳು, ಬರಿಗಾಲಲ್ಲಿ ಮುಟ್ಟಿದರೆ ಶಾಕು ಹೊಡೆಯುತ್ತದೆಂದು. ಹ್ಯಾಂಡಲು ತುಕ್ಕು ಹಿಡಿದಿತ್ತು. ಕಣ್ಣು ಮುಚ್ಚಿ ಎಳೆದಳು, ಬರಲಿಲ್ಲ. ಕಾಲೆತ್ತಿ ಮೈಭಾರವೆಲ್ಲ ಬಿಟ್ಟು ಜೋತುಬಿದ್ದಳು. ಕಿರ್‍ರ್ ಎಂದು ಅರಚಿ ಅದು ಕೆಳಗಿಳಿಯಿತು. ಆಕೆ ಕಲ್ಲಿನ ಮೇಲೆ ಕೂತಂತೆ ಬಿದ್ದಳು. ಇದನ್ನು ಧೈರ್ಯವೆಂದು ಕರೆಯುವ ಅಗತ್ಯವಿಲ್ಲ. ದೊಡ್ಡ ಭಯ ಸಣ್ಣ ಭಯವನ್ನು ಪಕ್ಕಕ್ಕೆ ತಳ್ಳಿತು, ಅಷ್ಟೇ.

ಆಗ ಶಬ್ದ ಶುರುವಾಯಿತು. ರಸ್ತೆಯಾಚೆಯ ಹೊಲಗಳಿಗೆ ಬೇರೆ ಟ್ರಾನ್ಸ್‌ಫಾರ್ಮರು. ಅಲ್ಲಿ ಒಂದು ಶೆಡ್ಡಿನಲ್ಲಿ ಟಕ್ ಎಂದಿತು, ಮೋಟರು ಗುಂಯ್‌ಗುಟ್ಟಿತು. ಅದರಾಚೆ ಇನ್ನೊಂದು. ಮತ್ತೂ ದೂರದಲ್ಲಿ ಮತ್ತೊಂದು. ಎಲ್ಲೂ ಒಬ್ಬ ಮನುಷ್ಯನಿಲ್ಲ. ಬಯಲಿಗೆ ಬಯಲೇ ತಾನಾಗಿ ಎದ್ದು ನೀರು ಕಾರತೊಡಗಿತು.

ತಮ್ಮ ಕಡೆ ಸದ್ದಿಲ್ಲ. ಆದರೆ ತಾನು ಎಳೆದದ್ದು ಮೊದಲೋ, ಕರೆಂಟು ಬಂದದ್ದು ಮೊದಲೋ? ನೋಡಲು ಹೋಗಬೇಕಿತ್ತು. ಬಾವಿಯವರೆಗಿನ ಆ ದಾರಿ ಆಕೆಗೆ ಮುಂದೆ ಎಷ್ಟೋ ಸಲ ಕನಸಿನಲ್ಲಿ ಬಂತು. ಓಡಲಿಲ್ಲ, ನಡೆದಳು. ಬೇಗ ಹೋದರೆ ಬೇಗ ಗೊತ್ತಾಗಿಬಿಡುತ್ತದೆ.

"ರೀ."

ಇನ್ನೆರಡು ಹೆಜ್ಜೆ ಇಟ್ಟಳು.

"ರೀ!"

ಕೆಳಗೆ ನೀರು ಕಲ್ಲಿಗೆ ತಾಕುವ ಸಪ್ಪಳ ಮಾತ್ರ. ಬಗ್ಗಿ ನೋಡುವ ಶಕ್ತಿ ಬರಲು ಆಕೆ ಬಾವಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಯಿತು. ಗಂಡ ನೀರಿಂದ ಮೇಲಿನ ಮೆಟ್ಟಿಲಲ್ಲಿ ಗೋಡೆಗಂಟಿ ನಿಂತಿದ್ದ. ಆಚೆಯ ಮೋಟರುಗಳ ಸದ್ದು ಅವನಿಗೂ ಕೇಳಿಸಿತ್ತು. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಮಾತು ಹೊರಡುತ್ತಿರಲಿಲ್ಲ. ಸ್ಪ್ಯಾನರೂ ಜಾಲರಿಯೂ ತಳ ಸೇರಿದ್ದವು.

ಭಾವ ಬಂದವನೇ ಕೂಗಾಡಿದ.

"ಯಾರಮ್ಮಾ ಹ್ಯಾಂಡಲ್ ಇಳಿಸಿದ್ದು? ಇಡೀ ಸಾಲಿಗೇ ನೀರಿಲ್ಲ!"

"ನಾನು. ನಿಮ್ಮ ತಮ್ಮ ಬಾವಿಲಿದ್ರು."

"ಅದಕ್ಕೆ? ನನ್ನ ಕೇಬಲ್ಲಿನ ಜಾಯಿಂಟು ಕಲ್ಲಿನ ಹಾಗಿದೆ."

ಅಷ್ಟರಲ್ಲಿ ಬಂದಿದ್ದ ಲೈನ್‌ಮನ್ ಕೇಬಲ್ಲನ್ನು ಮೇಲೆಳೆದ. ಗಂಟನ್ನು ಒತ್ತಿದ್ದೇ ತಡ, ಟೇಪು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಜಾರಿತು. ಒಳಗೆ ಹಸಿರುಗಟ್ಟಿದ ತಾಮ್ರ ಬತ್ತಲೆಯಾಗಿತ್ತು. ಭಾವ ಅದನ್ನು ನೋಡಿದ, ತಮ್ಮನನ್ನು ನೋಡಿದ, ಆಮೇಲೆ ಅಲ್ಲೇ ಕೆಸರಲ್ಲಿ ಕುಕ್ಕರುಗಾಲಲ್ಲಿ ಕೂತ.

ಆ ವಾರವೇ ಬಾವಿಯ ಮೇಲಿನ ಆಟೋ ಡಬ್ಬಿ ಹೋಯಿತು. ತಿಂಗಳೊಳಗೆ ಸಾಲಿನವರೆಲ್ಲ ತೆಗೆಸಿದರು. ಒಬ್ಬರ ನಂತರ ಒಬ್ಬರು, ಪಕ್ಕದಲ್ಲಿ ನಿಂತು ಮೋಟರು ಓಡಿಸುವುದೆಂದು ಮಾತಾಯಿತು. ನಿಂತು ನೋಡತೊಡಗಿದ ಮೇಲೆ ಸಾಕಾದಾಗ ನಿಲ್ಲಿಸುವುದೂ ಬಂತು. ರಸ್ತೆ ಒಣಗಿತು. ಎಲ್ಲ ಒಟ್ಟಿಗೆ ಕರೆಂಟು ಎಳೆಯುವುದು ತಪ್ಪಿ ಮೋಟರು ಸುಡುವುದೂ ಕಡಿಮೆಯಾಯಿತು. ಭಾವ ಅರ್ಧ ಹೊಲಕ್ಕೆ ಕಣ್ಣೌಷಧಿಯ ಪೈಪು ಎಳೆಸಿದ. ಜನ ಇದನ್ನೆಲ್ಲ ತಮ್ಮನ ಬುದ್ಧಿವಂತಿಕೆ ಎಂದರು. ಆತ ಬೇಡವೆನ್ನಲಿಲ್ಲ.

ಆದರೆ ಆತ ಮತ್ತೆ ಬಾವಿಗಿಳಿಯಲಿಲ್ಲ. ಹೊಸ ಜಾಲರಿ ತಂದಿಟ್ಟು ಎಷ್ಟೋ ದಿನವಾಯಿತು. ಒಂದು ದಿನ ಮಂಡಿನೋವು, ಒಂದು ದಿನ ಶೀತ, ಒಂದು ದಿನ ಮೆಕ್ಯಾನಿಕ್ ಬರಲಿಲ್ಲ. ಮೋಟರು ಮೆಟ್ಟಿಲಿಗೆ ಒರಗಿದ ಹಾಗೇ ಇತ್ತು; ಗಿಡಗಳು ಎಲೆ ಮುದುರಿಕೊಂಡವು. ಗಂಡನ ಆ ಕಾಯಿಲೆ ಆಕೆಗೆ ಗೊತ್ತಿದ್ದದ್ದೇ.

ಒಂದು ಮಧ್ಯಾಹ್ನ ಲೈನ್‌ಮನ್‌ನನ್ನು ಕರೆಸಿ ಹ್ಯಾಂಡಲು ಇಳಿಸಿ ಬೀಗ ಹಾಕಿಸಿದಳು. ಜಾಲರಿಯನ್ನು ಕೊರಳಿಗೆ ಕಟ್ಟಿಕೊಂಡು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಮೇಲೆ ಗಂಡ ಕಟ್ಟೆಗೆ ಆತು ನಿಂತಿದ್ದ.

"ಬೀಗ ಸರಿಯಾಗಿ ಬಿದ್ದಿದೆಯೇನೇ? ಇನ್ನೊಂದ್ಸಲ ನೋಡ್ಕೊಂಡು ಬರ್ಲಾ? ಬೇಡ ಬಿಡೇ, ಹತ್ತಿ ಬಾ."

"ಮೇಲಿಂದ ಮಾತಾಡ್ಬೇಡಿ," ಎಂದಳು ಆಕೆ. "ನಂಗೆ ಭಯ ಆಗುತ್ತೆ."

ನೀರಿಗೆ ಮೊದಲು ಒಂದು ಬೆರಳು ತಾಕಿಸಿ ನೋಡಿದಳು. ಆಮೇಲೆ ಎದೆಮಟ್ಟ ಇಳಿದಳು.