ಬಸುರಿಯ ಪಟ್ಟಿಯಲ್ಲಿ ಬಳಪ ಇರಲಿಲ್ಲ

ಹೋದ ತಿಂಗಳು ನಮ್ಮ ಮನೆಯಲ್ಲಿ ಬಳಪ ಕಳುವಾಗತೊಡಗಿತು.

ನಾನು ರಾಯಚೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಅಕ್ಷರ ಕಲಿಸುವವಳು ಎಂಬುದು ನಿಮಗೆ ಗೊತ್ತೇ ಇದೆ (ಗೊತ್ತಿಲ್ಲದಿದ್ದರೆ ನೀವು ಈ ಅಂಕಣ ಓದುತ್ತಿಲ್ಲ ಎಂದಾಯಿತು). ಸ್ಲೇಟಿನ ಬಳಪದ ಡಬ್ಬಿಗಳನ್ನು ಮನೆಯಲ್ಲೇ, ಟಿವಿ ಕೆಳಗಿನ ಕಪಾಟಿನಲ್ಲಿ ಇಡುತ್ತೇನೆ. ಸೋಮವಾರ ತುಂಬಿದ್ದ ಡಬ್ಬಿ ಬುಧವಾರಕ್ಕೆ ಅರ್ಧವಾಗಿತ್ತು. ಇಲಿ ಎಂದೆ ನಾನು. ಇಲಿಗಳಿಗೆ ಅಕ್ಷರ ಕಲಿಯುವ ಹುಚ್ಚು ಯಾವಾಗ ಹತ್ತಿತು ಎಂದು ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ ಕೇಳಿದರು.

ಗುರುವಾರ ಶಾಲೆ ಬೇಗ ಬಿಟ್ಟಿತು. ಮಧ್ಯಾಹ್ನವೇ ಮನೆಗೆ ಬಂದರೆ ಹಿತ್ತಲ ಕಡೆಯಿಂದ ಕಟಕಟ ಸದ್ದು. ಹೋಗಿ ನೋಡಿದೆ. ಮೆಟ್ಟಿಲ ಮೇಲೆ ರೇಣುಕಾ ಕೂತಿದ್ದಾಳೆ. ತುಟಿಯ ಅಂಚಿನಲ್ಲಿ ಬೂದುಬಣ್ಣದ ಪುಡಿ. ಮಡಿಲಲ್ಲಿ ನನ್ನ ಡಬ್ಬಿ.

ರೇಣುಕಾ ನನ್ನ ಅಕ್ಕನ ಮಗಳು. ನೀರಮಾನ್ವಿ ಯಲ್ಲಮ್ಮನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ್ದರಿಂದ ಆ ಹೆಸರು. ತವರು ಮಾನ್ವಿ ಹತ್ತಿರದ ಹಿರೇಕೊಟ್ನೆಕಲ್, ಕೊಟ್ಟಿದ್ದು ದೇವದುರ್ಗಕ್ಕೆ. ಚೊಚ್ಚಲ ಬಸುರಿ, ಆಗ ಏಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಮೈಯಲ್ಲಿ ರಕ್ತ ತೀರಾ ಕಡಿಮೆಯಾಗಿದೆ, ರಾಯಚೂರಿನಲ್ಲಿ ತೋರಿಸಿ ಎಂದು ಅಲ್ಲಿನ ಡಾಕ್ಟರು ಬರೆದುಕೊಟ್ಟಿದ್ದರಿಂದ ನಾಲ್ಕು ದಿನದ ಹಿಂದೆ ನಮ್ಮ ಮನೆಗೆ ಬಂದಿದ್ದಳು.

ಇದೇನು ತಿನ್ನುತ್ತಿದ್ದೀ ಎಂದು ಕೇಳಿದೆ. ಆಕೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ, ಸಿಕ್ಕಿಬಿದ್ದಾಯಿತಲ್ಲ ಎನ್ನುವಂತೆ, ಸೆರಗು ಸರಿಸಿ ನನ್ನ ಮುಖ ನೋಡಿದಳು.

"ಇದೊಂದನ್ನ ಯಾರೂ ತಿನಬ್ಯಾಡ ಅಂದಿಲ್ಲ, ಚಿಗವ್ವ."

ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಯಾಕೆಂದರೆ ಆಕೆ ಹೇಳಿದ್ದು ನಿಜ. ಮಿಕ್ಕಿದ್ದೆಲ್ಲ ಬೇಡ ಎಂದವರ ಸಾಲಿನಲ್ಲಿ ನಾನೂ ನಿಂತಿದ್ದೆ.

ಅದನ್ನು ಹೇಳಬೇಕೆಂದರೆ ಅದಕ್ಕೂ ಮೂರು ವಾರ ಹಿಂದೆ, ದೇವದುರ್ಗದಲ್ಲಿ ನಡೆದ ಆಕೆಯ ಕುಬಸಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಬೇಕು. ಕುಬಸ ಎಂದರೆ ಗೊತ್ತಲ್ಲ? ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು, ಬಸುರಿ ಬಯಸಿದ್ದನ್ನೆಲ್ಲ ಮಾಡಿಕೊಂಡು ಬಂದು, ಕೂಡಿಸಿ ಆರತಿ ಎತ್ತಿ ಉಣಿಸುವ ಕಾರ್ಯ. ಬಯಸಿದ್ದನ್ನೆಲ್ಲ ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ.

ನಮ್ಮ ಅಕ್ಕ ಎರಡು ದಿನ ಒಲೆ ಆರಿಸಿರಲಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬದನೆ, ಗುರೆಳ್ಳು ಚಟ್ನಿ, ಮೊಸರನ್ನ, ಕರ್ಚಿಕಾಯಿ, ಒಂದು ಗೊನೆ ಬಾಳೆಹಣ್ಣು. ಜೊತೆಗೆ ಮುಚ್ಚಳ ಬಿಗಿದ ಒಂದು ಸ್ಟೀಲ್ ಡಬ್ಬಿ ತುಂಬ ಪುಂಡಿಪಲ್ಯ. ಆ ಹುಳಿ ಸೊಪ್ಪಿನ ಪಲ್ಯವನ್ನು ರೇಣುಕಾ ಫೋನ್ ಮಾಡಿ ಕೇಳಿದ್ದಳಂತೆ. ಬೇರೆ ಏನನ್ನೂ ಕೇಳಿರಲಿಲ್ಲ. ಟಂಟಂ ಆಟೋದಲ್ಲಿ ದೇವದುರ್ಗದವರೆಗೂ ಅಕ್ಕ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು.

ಆರತಿ ಆಯಿತು. ತಟ್ಟೆ ಬಂತು. ರೇಣುಕಾ ರೊಟ್ಟಿಗೆ ಕೈ ಹಾಕಿದಳು.

ಆಕೆಯ ಅತ್ತೆ ಹನುಮವ್ವ ಹತ್ತಿರದಲ್ಲೇ ಕೂತಿದ್ದರು. ಆರು ಹೆತ್ತವರು, ಈ ವಿಷಯದಲ್ಲಿ ತಮ್ಮನ್ನು ಮೀರಿಸಿದ ಡಾಕ್ಟರಿಲ್ಲ ಎಂದು ತಿಳಿದವರು. ಎಳ್ಳು ಉಷ್ಣ, ಬೇಡ ಎಂದರು. ರೊಟ್ಟಿ ಹೋಯಿತು. ಶೇಂಗಾ ಪಿತ್ತ ಎಂದು ಪಕ್ಕದ ಮನೆಯಾಕೆ ಹೋಳಿಗೆ ಎತ್ತಿದಳು. ಬದನೆ ನಂಜು, ಕರ್ಚಿಕಾಯಿ ಜಿಡ್ಡು. ಗುರೆಳ್ಳು ಕಪ್ಪು, ತಿಂದರೆ ಕೂಸೂ ಕಪ್ಪು (ಹೇಳಿದಾಕೆಯ ಬಣ್ಣದ ಬಗ್ಗೆ ನಾನು ಏನೂ ಹೇಳುವುದಿಲ್ಲ). ಮೊಸರು ತಿಂದರೆ ಕೂಸಿನ ಮೈಗೆ ಬಿಳಿ ಲೋಳೆ ಅಂಟುತ್ತದೆ. ಬಾಳೆಹಣ್ಣು ಥಂಡಿ. ಅಲ್ಲ, ಬಾಳೆಹಣ್ಣು ತಿನ್ನಲೇಬೇಕು ಎಂದಳು ಇನ್ನೊಬ್ಬಳು. ಅದರ ಮೇಲೆ ಹತ್ತು ನಿಮಿಷ ವಾದ ನಡೆಯಿತು. ವಾದ ಮುಗಿಯುವಷ್ಟರಲ್ಲಿ ಬಾಳೆಹಣ್ಣನ್ನು ಯಾರೋ ಹಂಚಿಬಿಟ್ಟಿದ್ದರು.

ಇಬ್ಬರ ಊಟ ಉಣ್ಣಬೇಕು ಎನ್ನುವವರು ಒಂದು ಕಡೆ. ಹೆಚ್ಚು ಉಂಡರೆ ಕೂಸು ದಪ್ಪವಾಗಿ ಆಪರೇಷನ್ನೇ ಗತಿ, ಅರ್ಧ ಹೊಟ್ಟೆ ಉಣ್ಣಬೇಕು ಎನ್ನುವವರು ಇನ್ನೊಂದು ಕಡೆ. ಗೆದ್ದವರು ಯಾರು ಎಂದು ಬೇರೆ ಹೇಳಬೇಕೇ?

ಹಳೆಯ ಕಾಲದವರನ್ನಷ್ಟೇ ಬೈದು ಬಿಡುವಂತಿಲ್ಲ. ರೇಣುಕಾಳ ಗಂಡ ಬೀರೇಶ ಓದಿದವನು. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಒಂದು ಪಟ್ಟಿಯನ್ನೇ ಇಳಿಸಿಕೊಂಡಿದ್ದ. ಸಮುದ್ರದ ದೊಡ್ಡ ಮೀನು ಕೂಡದು, ಸುಶಿ ಕೂಡದು, ಮೆತ್ತನೆಯ ಚೀಸ್ ಕೂಡದು. ದೇವದುರ್ಗದಲ್ಲಿ ಸುಶಿ ಎಲ್ಲಿ ಸಿಗುತ್ತದೆ ಎಂದು ಬಲ್ಲವರು ನನಗೂ ತಿಳಿಸಿ, ಹೋಗಿ ನೋಡಿಕೊಂಡು ಬರುತ್ತೇನೆ. ಗೂಗಲ್ (ಮೊಬೈಲಿನದಲ್ಲ, ಹೊಳೆದಂಡೆಯ ಊರು) ಕಡೆಯ ಕೃಷ್ಣೆಯ ಮೀನು ಅವರ ಓಣಿಗೇ ಬುಟ್ಟಿಯಲ್ಲಿ ಬರುತ್ತದೆ. ಸಮುದ್ರದ ಮೀನಿಗೆ ಹೇಳಿದ ಮಾತನ್ನು ಈ ಮಹಾಶಯ ಹೊಳೆಯ ಮೀನಿಗೂ ಅನ್ವಯಿಸಿ ಅದನ್ನೂ ನಿಲ್ಲಿಸಿದ್ದ.

ಮನೆಯ ಹಿಂದೆ ಕುರಿಹಟ್ಟಿ ಇದೆ. ಮಾಂಸ ಉಷ್ಣ, ಬಸುರಿಗೆ ಬೇಡ. ಅಂಗನವಾಡಿಯಿಂದ ಆಕೆಯ ಹೆಸರಿಗೆ ಮೊಟ್ಟೆ ಬರುತ್ತದೆ. ಮೊಟ್ಟೆಯೂ ಉಷ್ಣ. ಹಾಗಾದರೆ ಆ ಮೊಟ್ಟೆ ಯಾರು ತಿನ್ನುತ್ತಾರೆ ಎಂದು ಕೇಳಿದೆ. ಬೀರೇಶ ತಿನ್ನುತ್ತಾನಂತೆ. ಬಸುರಿ ಯಾರು ಎಂಬ ಬಗ್ಗೆ ಆ ಮನೆಯಲ್ಲಿ ಏನೋ ಗೊಂದಲ ಇದ್ದ ಹಾಗಿತ್ತು.

ಕೊನೆಗೆ ಉಳಿದದ್ದು ಪುಂಡಿಪಲ್ಯ. ಅಕ್ಕ ಡಬ್ಬಿಯ ಮುಚ್ಚಳ ತೆಗೆದಳು. ಆ ಹುಳಿಯ ವಾಸನೆಗೆ ರೇಣುಕಾ ಅವತ್ತು ಮೊದಲ ಸಲ ನಕ್ಕಳು.

ಅದನ್ನು ಬೇಡ ಎಂದವಳು ನಾನು.

ಹೌದು, ಈ ಅಂಕಣಕಾರ್ತಿಯೇ. ಹುಳಿ ತಿಂದರೆ ಅಸಿಡಿಟಿ ಎಂದೆ. ಎಲ್ಲಿ ಓದಿದ್ದೆ? ನೆನಪಿಲ್ಲ. ಯಾವುದೋ ವಾಟ್ಸಾಪ್ ಗ್ರೂಪಿನಲ್ಲಿ ಇರಬೇಕು. ಅಷ್ಟು ಜನ ಒಂದೊಂದು ಹೇಳುತ್ತಿರುವಾಗ ಓದಿದ ಟೀಚರು ಬಾಯಿ ಮುಚ್ಚಿಕೊಂಡು ಕೂತರೆ ಮರ್ಯಾದೆ ಏನು ಉಳಿಯುತ್ತದೆ? ಹನುಮವ್ವ ನನ್ನನ್ನು ಮೆಚ್ಚಿಗೆಯಿಂದ ನೋಡಿದರು. ನಾನು ಉಬ್ಬಿದೆ. ಅಕ್ಕ ಮುಚ್ಚಳ ಹಾಕಿದಳು.

ರೇಣುಕಾ ನಾಲ್ಕು ತುತ್ತು ಸಪ್ಪೆ ಅನ್ನ ಉಂಡು ಎದ್ದಳು. ಆಮೇಲೆ ಪಂಕ್ತಿ ಕೂತಿತು. ಉಷ್ಣ, ಥಂಡಿ, ಪಿತ್ತ, ನಂಜು, ಕಪ್ಪು ಎಲ್ಲವೂ ಬಂದವರ ಹೊಟ್ಟೆಗೆ ಸುಸೂತ್ರವಾಗಿ ಇಳಿಯಿತು. ಪುಂಡಿಪಲ್ಯ ಬಹಳ ಚೆನ್ನಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.

ಈಗ ಹೇಳಿ, ಹಿತ್ತಲ ಮೆಟ್ಟಿಲ ಮೇಲೆ ಆ ಹುಡುಗಿಗೆ ನಾನು ಯಾವ ಬಾಯಲ್ಲಿ ಬೈಯಲಿ?

ಶನಿವಾರ ಹೋದರಾಯಿತು ಎಂದಿದ್ದವಳು ಮರುದಿನವೇ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹೆಂಗಸು, ಮಾತು ಕಡಿಮೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ನಾಲಿಗೆ ನೋಡಿದರು. ಬಳಪದ ವಿಷಯ ನಾನೇ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ರಕ್ತ ಇಳಿದ ಬಸುರಿಯರು ಮಣ್ಣು, ಬೂದಿ, ಬಳಪ ತಿನ್ನುವುದನ್ನು ದಿನಾ ನೋಡುತ್ತಾರಂತೆ. ಕಬ್ಬಿಣದ ಗುಳಿಗೆ ನುಂಗುತ್ತಿದ್ದೀಯಾ ಎಂದು ರೇಣುಕಾಳನ್ನು ಕೇಳಿದರು. ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆ ಎಂದು ಅತ್ತೆ ಹೇಳಿದ ಮೇಲೆ ಅವನ್ನೆಲ್ಲ ಎಮ್ಮೆಯ ಮುಸುರೆಗೆ ಹಾಕುತ್ತಿದ್ದಳಂತೆ. (ದೇವದುರ್ಗದ ಆ ಎಮ್ಮೆಯ ರಕ್ತವಾದರೂ ಚೆನ್ನಾಗಿರಲಿ.)

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ತಿನ್ನಾಕ ಏನ್ ಬಿಟ್ಟೀರಿ ಈಕಿಗೆ?" ಎಂದರು.

ಅವರು ಬಿಡಿಸಿ ಹೇಳಿದರು. ಹೆರಿಗೆಯ ಹೊತ್ತಿಗೆ ರಕ್ತ ಇಷ್ಟೇ ಇದ್ದರೆ, ಹೋಗುವ ರಕ್ತವನ್ನು ಈ ಮೈ ತಡೆದುಕೊಳ್ಳುವುದಿಲ್ಲ. ತಾಯಿ ಉಳಿಯುವುದೇ ಕಷ್ಟವಾಗಬಹುದು. ತಿಂಗಳೊಳಗೆ ಏರಬೇಕು, ಇಲ್ಲದಿದ್ದರೆ ರಕ್ತ ಹಾಕಿಸಬೇಕು. ಆಮೇಲೆ ಅವರೂ ಒಂದು ಪಟ್ಟಿ ಹೇಳಿದರು. ಬೇಯದ ಮೊಟ್ಟೆ, ಬೇಯದ ಮಾಂಸ ಬೇಡ. ಪಪ್ಪಾಯಿ ಕಾಯಿ ಬೇಡ. ತಂಬಾಕು, ಹೆಂಡ ಬೇಡವೇ ಬೇಡ. ಗುಳಿಗೆಯನ್ನು ಚಹಾ ಜೊತೆ ನುಂಗಬೇಡ. ಬಳಪ ಬೇಡ. ಅಷ್ಟೇ, ಪಟ್ಟಿ ಮುಗಿಯಿತು. ಎಳ್ಳು, ಶೇಂಗಾ, ಮೊಟ್ಟೆ, ಮೀನು, ಸೊಪ್ಪು ಎಲ್ಲ ತಿನ್ನಲಿ ಎಂದರು. ಪುಂಡಿಪಲ್ಯ ಎಂದು ನಾನು ಮೆಲ್ಲಗೆ ಕೇಳಿದೆ. ಧಾರಾಳವಾಗಿ ತಿನ್ನಲಿ, ಎದೆ ಉರಿದರೆ ಅವಳೇ ಕಡಿಮೆ ಮಾಡುತ್ತಾಳೆ, ಅವಳಿಗೇನು ನಾಲಿಗೆ ಇಲ್ಲವೇ ಎಂದರು.

ದಾರಿಯಲ್ಲೇ ಎರಡು ಕಟ್ಟು ಪುಂಡಿ ಕೊಂಡೆ. ಬೇಳೆ ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಬಿಸಿ ಜೋಳದ ರೊಟ್ಟಿ ಬಡಿದು ಹಾಕಿದೆ. ರೇಣುಕಾ ಮೂರು ರೊಟ್ಟಿ ತಿಂದಳು. ಮೊದಲ ತುತ್ತಿಗೆ ಮುಂಚೆ ನನ್ನ ಮುಖ ನೋಡಿದಳು, ಅನುಮತಿ ಕೇಳುವ ಹಾಗೆ. ಆ ನೋಟಕ್ಕೆ ನನಗೆ ಆದ ನಾಚಿಕೆಯನ್ನು ಇಲ್ಲಿ ಬರೆದು ತೀರಿಸಲು ಆಗುವುದಿಲ್ಲ. ಹೊಟ್ಟೆಯಲ್ಲಿ ಒಂದು ಜೀವ ಹೊತ್ತವಳು ಒಂದು ತುತ್ತು ಸೊಪ್ಪಿಗೆ ಯಾರ ಪರ್ಮಿಷನ್ ತೆಗೆದುಕೊಳ್ಳಬೇಕು?

ನಮ್ಮಲ್ಲಿ ಬಸುರಿಯ ಹೊಟ್ಟೆ ಊರಿನ ಆಸ್ತಿ. ಹಾಲು ಹಾಕಲು ಬಂದವನಿಂದ ಹಿಡಿದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳವರೆಗೆ ಎಲ್ಲರಿಗೂ ಅದರ ಮೇಲೆ ಹಕ್ಕಿದೆ. ಎಲ್ಲರೂ ಹೇಳುವುದು ಬೇಡ ಎಂದೇ. ಯಾಕೆ ಗೊತ್ತೇ? ಇದನ್ನು ತಿನ್ನು ಎಂದರೆ ತರಬೇಕು, ಹೆಚ್ಚಬೇಕು, ಬೇಯಿಸಬೇಕು, ಮುಂದೆ ಕೂತು ಬಡಿಸಬೇಕು. ಬೇಡ ಎನ್ನಲು ಒಲೆ ಹಚ್ಚುವ ಕೆಲಸವೇ ಇಲ್ಲ. ಕೂತಲ್ಲಿಂದಲೇ ಕಾಳಜಿ ಮಾಡಿ ಮುಗಿಸಬಹುದು. ಹೆಚ್ಚುಕಡಿಮೆಯಾದರೆ ಆಕೆಯೇ ಏನೋ ತಿಂದಿರಬೇಕು ಎಂದೂ ಹೇಳಬಹುದು. ಇಷ್ಟು ಅಗ್ಗದ ಪ್ರೀತಿ ಬೇರೆ ಎಲ್ಲಿ ಸಿಗುತ್ತದೆ?

ಬಳಪದ ಹುಚ್ಚು ಒಂದೇ ದಿನಕ್ಕೆ ಬಿಡಲಿಲ್ಲ. ಡಬ್ಬಿಗಳನ್ನು ಶಾಲೆಯ ಬೀರುವಿಗೆ ಸಾಗಿಸಿದೆ. ಒಂದು ಸಂಜೆ ನನ್ನ ಬ್ಯಾಗಿನ ತಳದಲ್ಲಿ ಕೈಯಾಡಿಸುತ್ತಿದ್ದವಳು ನನ್ನನ್ನು ನೋಡಿ ಅತ್ತಳು. ಬೈಯಲಿಲ್ಲ. ಎರಡು ಬೇಯಿಸಿದ ಮೊಟ್ಟೆ ಸುಲಿದು ಕೊಟ್ಟೆ. ದಿನಾ ಊಟವಾಗಿ ಸ್ವಲ್ಪ ಹೊತ್ತಿಗೆ ಗುಳಿಗೆ ಕೊಟ್ಟು, ನುಂಗಿದ ಮೇಲೆ ಒಂದನೇ ಕ್ಲಾಸಿನವರಿಗೆ ಹೇಳುವ ಹಾಗೆ "ಆ ಅನ್ನು" ಎಂದು ಬಾಯಿ ತೆರೆಸಿ ನೋಡಿದೆ. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲದಿರುವುದೂ ಅನುಕೂಲವಾಯಿತು.

ಮೊನ್ನೆ ಮತ್ತೆ ರಕ್ತ ಪರೀಕ್ಷೆ ಆಯಿತು. ಏರಿದೆ. ಸಾಕಾಗುವಷ್ಟು ಇನ್ನೂ ಏರಿಲ್ಲ, ಆದರೆ ಡಾಕ್ಟರ ಹಣೆಯ ಗಂಟು ಸಡಿಲಾಗಿದೆ. ಹೀಗೇ ತಿಂದರೆ ರಕ್ತ ಹಾಕಿಸುವ ಪ್ರಸಂಗ ಬರಲಿಕ್ಕಿಲ್ಲ ಎಂದರು.

ಖುಷಿಯಲ್ಲಿ ದೇವದುರ್ಗಕ್ಕೆ ಫೋನ್ ಮಾಡಿದೆ. ಬಳಪದ ಕಥೆ, ಗುಳಿಗೆಯ ಕಥೆ, ಮೂರು ರೊಟ್ಟಿಯ ಕಥೆ ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಹನುಮವ್ವ ಪೂರ್ತಿ ಕೇಳಿಸಿಕೊಂಡರು. ಪಾಪ, ಮನಸ್ಸಿಗೆ ನಾಟಿತು ಎಂದುಕೊಂಡೆ.

"ನೋಡವ್ವ, ಎಳ್ಳು ಶೇಂಗಾ ಬಿಡಿಸಿದ್ದಕ್ಕ ರಕ್ತ ಏರ್ಯಾದ," ಎಂದರು. "ಇನ್ನ ಮ್ಯಾಲ ಬಳಪಾನೂ ತಿನಬಾರದು ಅಂತ ಹೇಳಿಬಿಡು ಆಕಿಗೆ."

ಅಂತೂ ತಿನ್ನಬಾರದ್ದರ ಪಟ್ಟಿಗೆ ಬಳಪವೂ ಸೇರಿತು. ತಿನ್ನಬೇಕಾದ್ದರ ಪಟ್ಟಿ ಬರೆಯಲು ನಮ್ಮಲ್ಲಿ ಯಾರ ಕೈಯಲ್ಲಾದರೂ ಒಂದು ತುಂಡು ಬಳಪ ಉಳಿದಿದೆಯೇ?