ಸಿಪಾಯಿ ಬಾಟಲಿಯ ತೀರ್ಥ

“ಒಂದು ಗುಟುಕು ನೀರು ಕೊಡಪ್ಪಾ, ಗಂಟಲು ಒಣಗೋಯ್ತು” ಎಂದು ಶಿವಗಂಗೆ ಬೆಟ್ಟದ ಅರ್ಧದಲ್ಲಿ ಕುಸಿದು ಕೂತಿದ್ದ ಅಜ್ಜಿಯೊಬ್ಬರು ನನ್ನ ಹೆಗಲ ಬಾಟಲಿಯತ್ತ ಕೈಚಾಚಿದರು. ಅದರಲ್ಲಿ ನೀರೊಂದು ಬಿಟ್ಟು ಎಲ್ಲವೂ ಇತ್ತು!

ಅದು ಯುದ್ಧದ ಕಾಲ. ಬಾಂಬು ಬೀಳುತ್ತದೆಂಬ ಗುಲ್ಲು ದೊಡ್ಡಬಳ್ಳಾಪುರದ ನಮ್ಮ ನೇಕಾರರ ಕೇರಿಗೂ ಬಂದಿತ್ತು. ಸಂತೆಯಲ್ಲಿ ಕೊಂಡ ಸಿಪಾಯಿ ಬಾಟಲಿಯೊಳಗೆ, ಆಪತ್ಕಾಲಕ್ಕಿರಲಿ ಎಂದು ಹುರಿಗಡಲೆ, ಬೆಂಕಿಕಡ್ಡಿ, ಸೂಜಿ, ರೇಷ್ಮೆ ದಾರ, ನೆಗಡಿಗೆ ತುಳಸಿ, ಪಚ್ಚಕರ್ಪೂರ ಎಲ್ಲ ತುರುಕಿಕೊಂಡು ಹೋದಲ್ಲೆಲ್ಲ ಹೊತ್ತು ತಿರುಗುತ್ತಿದ್ದೆ.

ಅಷ್ಟನ್ನೂ ಟವೆಲಿಗೆ ಸುರಿದೆ. ಅಜ್ಜಿ ಕಣ್ಣರಳಿಸಿ, “ಸಂಸಾರಾನೇ ತುಂಬ್ಕೊಂಡಿದೀಯಲ್ಲೋ!” ಎಂದರು. ಓಡಿಹೋಗಿ ಪಕ್ಕದ ಬಂಡೆಯ ಮರೆಯಲ್ಲಿದ್ದ ದೊಣೆಯಿಂದ ನೀರು ತುಂಬಿ ತಂದು ಅವರ ಬೊಗಸೆಗೆ ಹೊಯ್ದೆ.

ಒಂದು ಗುಟುಕು ಕುಡಿದದ್ದೇ ಅಜ್ಜಿ ಬೆಚ್ಚಿದರು. ಕಣ್ಣುಮುಚ್ಚಿ ಒದ್ದೆ ಕೈಯನ್ನು ತಲೆಗೆ ಸವರಿಕೊಂಡು, “ಯಾವ ಗುಡಿ ತೀರ್ಥ ಸ್ವಾಮಿ ಇದು?” ಎಂದರು. ಒಂದೇ ಗುಟುಕಿಗೆ ನಾನು ‘ಅಪ್ಪಾ’ನಿಂದ ‘ಸ್ವಾಮಿ’ಯಾಗಿದ್ದೆ. ದೊಣೆಯ ನೀರು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಹತ್ತಿ ಬಂದವರೆಲ್ಲ ಬಲಗೈ ಒಡ್ಡಿ ನಿಂತುಬಿಟ್ಟರು. ಬಾಟಲಿ ಖಾಲಿಯಾಯಿತು. ಮತ್ತೆ ತುಂಬಿ ತಂದೆ. ಅದೂ ಖಾಲಿಯಾಯಿತು.

ಬಾಂಬು ಬೀಳಲಿಲ್ಲ, ಆಪತ್ತೂ ಬರಲಿಲ್ಲ. ಎಷ್ಟು ತೊಳೆದರೂ ಬಿರಡೆಯ ಕರ್ಪೂರದ ಘಮ ಮಾತ್ರ ಹೋಗಲಿಲ್ಲ. ಮುಂದೆ ಮಗ್ಗದ ಪಕ್ಕ ಅದರಲ್ಲೇ ನೀರಿಟ್ಟುಕೊಳ್ಳುತ್ತಿದ್ದೆ. ನಮ್ಮ ಬಾವಿಯದೇ ನೀರು, ನಾನೇ ಸೇದಿದ್ದು. ಆದರೂ ಕುಡಿದಾಗಲೆಲ್ಲ ಕೈ ತಾನಾಗಿಯೇ ತಲೆಗೆ ಹೋಗುತ್ತಿತ್ತು.