ಕೀಲೆಣ್ಣೆ ಕುಡಿದ ರೀಲು

ಸಂಜೆ ದೀಪ ಹಚ್ಚಿ ಕೈಮುಗಿದು ನಿಂತಿದ್ದೆ. ದಿನಾ ಆ ಹೊತ್ತಿಗೆ ನಾನು ದೇವರ ಮುಂದೆ ಸಣ್ಣಪುಟ್ಟದ್ದನ್ನೆಲ್ಲ ನೆನೆಸಿಕೊಂಡು ಹೇಳುತ್ತೇನೆ. ನಲ್ಲಿಯಲ್ಲಿ ನೀರು ಬಂತು, ಮಂಡಿನೋವು ಒಂದು ಚೂರು ಇಳಿದಿದೆ, ಹಾಲು ಒಡೆಯಲಿಲ್ಲ, ಮನೆಯವರು ಊಟ ಮಾಡಿ ಚೆನ್ನಾಗಿದೆ ಅಂದರು. ದೊಡ್ಡದನ್ನು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಹೀಗೆ ಹೇಳುತ್ತಿರುವಾಗ ಹೊರಗೆ ಗೇಟಿನ ಹತ್ತಿರ ಎದುರುಮನೆಯ ಹುಡುಗಿ ಸೈಕಲ್ಲು ನಿಲ್ಲಿಸಿಕೊಂಡು, ಗೆಳತಿಗಾಗಿ ಕಾಯುತ್ತ, ಪೆಡಲನ್ನು ಕಾಲಲ್ಲಿ ಹಿಂದುಹಿಂದಕ್ಕೆ ತಿರುಗಿಸತೊಡಗಿದಳು. ಕಿರ್ರ್... ಕಿರ್ರ್ರ್... ನಿಲ್ಲಿಸುವಳು, ಮತ್ತೆ ಕಿರ್ರ್. ಮುಗಿದಿದ್ದ ಕೈ ಸಡಿಲವಾಯಿತು. ಮಂಡ್ಯದ ಈ ಮನೆಯ ದೇವರ ಗೂಡಿನ ಮುಂದೆ ನಿಂತವಳಿಗೆ ಹರಳೆಣ್ಣೆಯ ವಾಸನೆ ಬಂತೆಂದರೆ ನೀವು ನಂಬುತ್ತೀರೋ ಇಲ್ಲವೋ. ನಿಮ್ಮ ಮನೆಯಲ್ಲೂ ಇಂಥ ಒಂದು ಸದ್ದು ಇದ್ದಿರಬೇಕು, ಅದು ನಿಂತುಹೋಗಿರಬೇಕು. ಹಾಗಿದ್ದರೆ ನಂಬುತ್ತೀರಿ.

ಅದು ನಮ್ಮ ಚಿಕ್ಕಪ್ಪನ ರೀಲಿನ ಸದ್ದು. ಮೀನು ಹಿಡಿಯುವ ರೀಲು, ಅದೂ ಸಮುದ್ರದ್ದು. ಎಪ್ಪತ್ತರ ದಶಕದ ನಡುವಿನ ಮಾತು. ಮದ್ದೂರಿನಿಂದ ಬೆಸಗರಹಳ್ಳಿ ಕಡೆಗೆ ಹೋಗುವ ಬಸ್ಸು ನಿಲ್ಲುವ ಒಂದು ಸಣ್ಣ ಊರಿನಲ್ಲಿ ನಮ್ಮ ಮನೆ. ಸುತ್ತ ಕಬ್ಬಿನ ಗದ್ದೆ. ಆಲೆಮನೆ ನಡೆಯುವ ದಿನಗಳಲ್ಲಿ ಮನೆಯ ಹೆಂಚಿಗೂ ಬೆಲ್ಲದ ವಾಸನೆ ಹತ್ತಿಕೊಳ್ಳುತ್ತಿತ್ತು. ಬದುವಿನ ಮೇಲೆ ನಡೆದರೆ ಶಿಂಷಾ ಹೊಳೆ. ಸಮುದ್ರವನ್ನು ಕಂಡವರು ಇಡೀ ಊರಿಗೆ ಚಿಕ್ಕಪ್ಪ ಒಬ್ಬರೇ. ಮದುವೆಗೆ ಮುಂಚೆ ಅವರು ಮಂಗಳೂರಿನಲ್ಲಿ ಒಬ್ಬ ಪರದೇಶದ ಸಾಹೇಬನ ಜೀಪು ಓಡಿಸುತ್ತಿದ್ದರು. ಆ ಸಾಹೇಬನಿಗೆ ಭಾನುವಾರ ಬಂತೆಂದರೆ ಕಡಲ ದಂಡೆಯಲ್ಲಿ ನಿಂತು ಮೀನು ಹಿಡಿಯುವ ಹುಚ್ಚು. ಕೋಲು, ರೀಲುಗಳನ್ನು ಹೊರುವುದು, ಬಂದಮೇಲೆ ತೊಳೆದು ಎಣ್ಣೆ ಹಾಕಿಡುವುದು ಚಿಕ್ಕಪ್ಪನ ಕೆಲಸವಾಯಿತು. ಸಾಹೇಬ ತನ್ನ ದೇಶಕ್ಕೆ ಹೊರಟಾಗ ಒಂದು ರೀಲನ್ನು ಅವರ ಕೈಗಿಟ್ಟು ಹೋದನಂತೆ. ಅದೇ ಹೊತ್ತಿಗೆ ಅಜ್ಜಿ, ಗದ್ದೆ ನೋಡಿಕೊಳ್ಳಲು ನಮ್ಮಪ್ಪನೊಬ್ಬನ ಕೈಲಿ ಆಗುತ್ತಿಲ್ಲ, ಬಂದುಬಿಡು ಎಂದು ಹೇಳಿಕಳಿಸಿ, ಮಳವಳ್ಳಿ ಕಡೆಯ ಹೆಣ್ಣು ತಂದು ಮದುವೆ ಮಾಡಿದರು. ಚಿಕ್ಕಪ್ಪ ನೇಗಿಲು ಹಿಡಿದರು. ರೀಲನ್ನು ಮಾತ್ರ ಬಿಡಲಿಲ್ಲ.

ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಎರಡು ಬದಿಗೆ ಕರೀ ತಟ್ಟೆ, ನಡುವೆ ದಾರ ಸುತ್ತುವ ಉರುಳೆ, ಪಕ್ಕದಲ್ಲಿ ಹಿಡಿ, ಹಿಡಿಯ ಬುಡದಲ್ಲಿ ನಕ್ಷತ್ರದಂಥ ತಿರುಪು. ಆ ತಿರುಪು ಬ್ರೇಕಿನದು ಎಂದು ಚಿಕ್ಕಪ್ಪ ನನಗೆ ಹೇಳಿಕೊಟ್ಟಿದ್ದರು. ಮೊದಲ ಸಲ ಅದನ್ನು ಹೊಳೆಗೆ ಒಯ್ದಾಗ ಬಟ್ಟೆ ಒಗೆಯುತ್ತಿದ್ದವರೆಲ್ಲ ಎದ್ದು ನಿಂತು ನೋಡಿದರಂತೆ. “ಏನ್ಲಾ ನಿಂಗ, ಗೆಂಡೆ ಮೀನ್ ಇಡಿಯಕ್ಕೆ ಬಾವಿ ರಾಟೆ ತಂದಿದ್ದೀಯಾ?” ಎಂದು ಯಾರೋ ಕೂಗಿದ್ದು ಊರಿಗೆಲ್ಲ ಮಾತಾಯಿತು. ಚಿಕ್ಕಪ್ಪ ನಕ್ಕುಬಿಟ್ಟರು. ಆದರೆ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಆ ರೀಲಿನ ಮಹಿಮೆ ಹೇಳಲು ಶುರು ಮಾಡಿದರೆ ಅವರಿಗೆ ಊಟವೂ ಬೇಡ. “ಎತ್ತು ತಗೊಳ್ಳುವಾಗ ಬಾಯ್ ಬುಡ್ಸಿ ಅಲ್ಲು ನೋಡಕ್ಕಿಲ್ವಾ ಪುಟ್ಟಿ? ಇದಕ್ಕೂ ಅಂಗೇಯಾ. ಒಳ್ಗಡೆ ಇತ್ತಾಳೆ ಅಲ್ಲು ಇರ್ಬೇಕು. ಇಡಿ ಅಲ್ಲಾಡಬಾರ್ದು. ಕಿವಿ ತಾವ ಇಟ್ಕೊಂಡ್ ತಿರುಗಿಸ್ದ್ರೆ ಮರಳು ಅರೆದಂಗೆ ಸದ್ದು ಬಂದ್ರೆ ಅಂಗಡಿಯೋನ್ಗೆ ವಾಪಸ್ ಕೊಟ್ಬುಡ್ಬೇಕು. ಸಮುದ್ರದ್ ಮೀನು ನಿಂತ್ಕಂಡ್ ಎಳಿಯಕ್ಕಿಲ್ಲ, ಓಡ್ತದೆ. ಓಡಕ್ ಬುಡ್ಬೇಕು. ಅದಕ್ಕೇ ಇಷ್ಟು ದೊಡ್ ಉರುಳೆ, ಇಷ್ಟು ಉದ್ದ ದಾರ.” ಓಡಲು ಬಿಡಬೇಕು ಎನ್ನುವಾಗ ಅವರು ರೀಲು ನೋಡುತ್ತಿರಲಿಲ್ಲ, ಬಸ್ಸು ಹೋಗುವ ರಸ್ತೆ ನೋಡುತ್ತಿದ್ದರು.

ಗದ್ದೆಯಿಂದ ಬಂದು ಕೈಕಾಲು ತೊಳೆದರೆ ಮೊದಲ ಕೆಲಸ ಅದನ್ನು ತೊಳೆಯುವುದು. ಹೊಳೆಗೆ ಒಯ್ದಿರಲಿ, ಬಿಡಲಿ. ಬೋಸಿಯಲ್ಲಿ ಸಿಹಿನೀರು ತುಂಬಿ, ಮೆತ್ತಗೆ ಮೇಲಿಂದ ಹುಯ್ದು, ಹಳೇ ಪಂಚೆಯ ಚೂರಿನಲ್ಲಿ ಒರೆಸಿ, ನೆರಳಲ್ಲಿ ಆರಲು ಇಡುವರು. ಬ್ರೇಕಿನ ತಿರುಪನ್ನು ಸಡಿಲ ಮಾಡಿಯೇ ಇಡಬೇಕು, ಬಿಗಿಯಾಗಿಟ್ಟರೆ ಒಳಗಿನ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆರಿದ ಮೇಲೆ ಹೊಲಿಗೆ ಮಿಷನ್ನಿನ ತೆಳು ಎಣ್ಣೆ, ಹಕ್ಕಿಪುಕ್ಕದ ತುದಿಯಲ್ಲಿ ಒಂದೇ ಹನಿ. ಇದೆಲ್ಲ ಕಡಲ ನೀರಿನ ಉಪ್ಪು ತೆಗೆಯುವ ಕ್ರಮ. ಅಜ್ಜಿ ಕಂಬಕ್ಕೊರಗಿ ಎಲೆಯಡಿಕೆ ಹಾಕಿಕೊಳ್ಳುತ್ತ ನೋಡುತ್ತಿದ್ದರು. “ಉಪ್ಪಿಲ್ದಿರೋ ಊರಲ್ಲಿ ಉಪ್ಪು ತೊಳೀತಾ ಕುಂತವ್ನೆ ನೋಡಮ್ಮಿ ನಿನ್ ಗಂಡ” ಎಂದು ಚಿಕ್ಕವ್ವನಿಗೆ ಕೇಳುವಂತೆ ಹೇಳುವರು. ಆಮೇಲೆ ದನಿ ತಗ್ಗಿಸಿ, “ಮಾದಪ್ಪ, ನೀನೇ ಕಾಯಪ್ಪ” ಎನ್ನುವರು.

ತೊಳೆದಾದ ಮೇಲೆ ಆ ಸದ್ದು. ರೀಲನ್ನು ತೊಡೆಯ ಮೇಲಿಟ್ಟುಕೊಂಡು ಒಂದಿಷ್ಟು ದಾರ ಎಳೆಯುವರು, ಸುತ್ತುವರು, ಎಳೆಯುವರು. ಕಿರ್ರ್... ಕಿರ್ರ್ರ್... ಒಳಗೆ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಚಿಕ್ಕವ್ವನ ಕೈ ಅರೆಗಳಿಗೆ ನಿಲ್ಲುತ್ತಿತ್ತು. ಅವ್ವ ಸೌದೆಯನ್ನು ಒಳಕ್ಕೆ ತಳ್ಳಿ ಏನೂ ಆಗಿಲ್ಲವೆಂಬಂತೆ ಸಾರಿಗೆ ಉಪ್ಪು ನೋಡುವಳು. ಆ ಸದ್ದು ಇರುವಷ್ಟು ಹೊತ್ತು ಮನೆ ಕೂತಲ್ಲಿ ಕೂರುತ್ತಿರಲಿಲ್ಲ. ನಾನು ಎದ್ದು ಹೊರಗೆ ಹೋಗುವೆ, ಒಳಗೆ ಬರುವೆ, ಹಟ್ಟಿಯಲ್ಲಿ ಕರು ಮುಟ್ಟುವೆ. ಚಿಕ್ಕಪ್ಪ ಎಂದಾದರೂ ಹೊರಟುಹೋಗುತ್ತಾರೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ, ಆ ಸದ್ದೇ ಹೇಳಿತ್ತು.

ಆ ವರ್ಷ ಮಂಗಳೂರಿಗೆ ಬೆಲ್ಲ ಸಾಗಿಸುವ ಲಾರಿಯ ಡ್ರೈವರು ನಿಜವಾಗಿಯೂ ಸುದ್ದಿ ತಂದ. ಸಾಹೇಬನ ಗೆಳೆಯರು ಕೆಲವರು ಅಲ್ಲಿ ಕಡಲ ಮೀನು ಹಿಡಿಯಲು ದೋಣಿ ಇಟ್ಟಿದ್ದಾರೆ, ಅವರ ರೀಲುಗಳನ್ನೆಲ್ಲ ನೋಡಿಕೊಳ್ಳಲು ಆಳು ಬೇಕು, ನಿಂಗರಾಜನೇ ಆಗಬೇಕು ಅಂತಾರೆ, ದೀಪಾವಳಿ ಕಳೆದ ಮೇಲೆ ನನ್ನ ಲಾರಿಯಲ್ಲೇ ಹೊರಡಬಹುದು ಎಂದ. ಅಂದಿನಿಂದ ಸದ್ದು ಹೆಚ್ಚಾಯಿತು. ನಾನು ಊರ ಮಾರಮ್ಮನ ಗುಡಿಗೆ ಹೋಗಿ, ಬಾಗಿಲಿಗೆ ಹಣೆಯಿಟ್ಟು, ಆ ಸದ್ದು ನಿಲ್ಲಿಸು ತಾಯಿ, ತಂಬಿಟ್ಟಿನ ಆರತಿ ತರುತ್ತೇನೆ ಎಂದು ಹರಕೆ ಹೊತ್ತೆ. ಚಿಕ್ಕಪ್ಪನನ್ನು ನಿಲ್ಲಿಸು ಅನ್ನಬೇಕೆಂದು ಹೊಳೆಯಲಿಲ್ಲ. ಸದ್ದು ನಿಂತರೆ ಎಲ್ಲ ನಿಂತಂತೆ ಎಂದುಕೊಂಡಿದ್ದೆ.

ಆಯುಧಪೂಜೆ ಬಂತು. ನಮ್ಮ ಕಡೆ ಅಂದು ಮನೆಯ ಸಾಮಾನಿಗೆಲ್ಲ ಸ್ನಾನ, ಎಣ್ಣೆ, ಕುಂಕುಮ. ನೇಗಿಲು, ಕುಡುಗೋಲು, ಮಚ್ಚು, ಈಳಿಗೆ ಮಣೆ, ಕೊನೆಗೆ ಗಾಡಿ. ಗಾಡಿಯ ಚಕ್ರಕ್ಕೆ ಕೀಲೆಣ್ಣೆ ಹಾಕುವ ಕೆಲಸವನ್ನು ಆ ವರ್ಷ ಚಿಕ್ಕವ್ವ ತಾನೇ ಮಾಡುತ್ತೇನೆಂದಳು. ಕೀಲೆಣ್ಣೆ ಎಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲೆಸಿದ್ದು. ಗಾಡಿಯ ಅಡಿಯಲ್ಲಿ ಬಿದಿರಿನ ಗೊಟ್ಟದಲ್ಲಿ ನೇತಾಡುತ್ತಿರುತ್ತದೆ. ಅದನ್ನು ಮೆತ್ತಿದರೆ ಎಂಥ ಗಾಡಿಯೂ ಕಿರುಗುಟ್ಟದೆ ಓಡುತ್ತದೆ. ಗಾಡಿ ಮುಗಿದ ಮೇಲೆ ಗೊಟ್ಟದಲ್ಲಿ ಉಳಿದದ್ದನ್ನು ಚಿಕ್ಕವ್ವ ಜಗಲಿಗೆ ತಂದು, ರೀಲನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು, ಸಂದುಸಂದಿಗೆ ತುಂಬಿ, ಹಿಡಿ ತಿರುಗಿಸಿ, ಮತ್ತೆ ತುಂಬಿದಳು. ಮೂರು ಬೆರಳಲ್ಲಿ ವಿಭೂತಿ ಬಳಿದಳು. ಚೆಂಡು ಹೂ ಇಟ್ಟಳು. ಕಪ್ಪು ರೀಲು ಪುಟ್ಟ ಬಸವನ ಹಾಗೆ ಕಾಣುತ್ತಿತ್ತು. ಪೂಜೆಗಿಟ್ಟ ಸಾಮಾನನ್ನು ಅಂದು ಮುಟ್ಟುವ ಹಾಗಿಲ್ಲ. ಆಮೇಲೆ ಗದ್ದೆಯಲ್ಲಿ ನೀರು ಕಟ್ಟುವ ಸರದಿ ಬಂದು ಚಿಕ್ಕಪ್ಪನಿಗೆ ಬಿಡುವಾಗಲಿಲ್ಲ. ಸದ್ದು ನಿಂತಿತು. ಮನೆ ತಣ್ಣಗಾಯಿತು. ನಾನು ಅವ್ವನನ್ನು ಪೀಡಿಸಿ ತಂಬಿಟ್ಟು ಮಾಡಿಸಿ, ಆರತಿ ಹೊತ್ತು ಮಾರಮ್ಮನಿಗೆ ಒಪ್ಪಿಸಿ ಬಂದೆ.

ಒಂದು ಬೆಳಗ್ಗೆ ಚಿಕ್ಕಪ್ಪ ಹೊಳೆಗೆ ಹೊರಟರು. ಬಟ್ಟೆ ಗಂಟು ಹೊತ್ತು ಚಿಕ್ಕವ್ವನೂ ನಾನೂ ಹಿಂದೆ. ಮಳೆನೀರು ಇನ್ನೂ ಕೆಂಪಗಿತ್ತು. ಪೂಜೆಗೆ ಮುಂಚೆಯೇ ಉರುಳೆಯಿಂದ ಸಡಿಲವಾಗಿ ಬಿಚ್ಚಿಟ್ಟುಕೊಂಡಿದ್ದ ದಾರದಲ್ಲಿ, ರೀಲು ತಿರುಗಿಸದೆಯೇ ಗಾಳ ಎಸೆದು ಸ್ವಲ್ಪ ಹೊತ್ತಾಗಿರಬಹುದು, ಕೋಲು ಬಿಲ್ಲಿನಂತೆ ಬಾಗಿತು. “ಬಾಳೆ ಮೀನು ಕಣಮ್ಮಿ, ದೊಡ್ದು!” ಎಂದು ಚಿಕ್ಕಪ್ಪ ಕೂಗಿದ ದನಿಯನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಮೀನು ಓಡಿತು. ಉರುಳೆ ತಿರುಗಲಿಲ್ಲ. ಚಿಕ್ಕಪ್ಪ ಬ್ರೇಕು ಸಡಿಲಿಸಿದರು, ಆಗಲೂ ತಿರುಗಲಿಲ್ಲ. ಒಂದು ಚಟ್ ಅನ್ನುವ ಸದ್ದು, ದಾರ ಗಾಳಿಯಲ್ಲಿ ಹಾರಿ ಅವರ ಎದೆಗೇ ಬಂದು ಬಿತ್ತು. ಅಷ್ಟೇ.

ಮನೆಗೆ ಬಂದು ಬಿಳೀ ಪಂಚೆ ಹಾಸಿ ರೀಲು ಬಿಚ್ಚಿದರು. ಒಳಗೆಲ್ಲ ಒಣಗಿ ಗಟ್ಟಿಯಾದ ಕರೀ ಅಂಟು. ಹಿತ್ತಾಳೆ ಹಲ್ಲುಗಳು ಕಾಣುತ್ತಲೇ ಇರಲಿಲ್ಲ.

“ಇದಕ್ಕೆ ಕೀಲೆಣ್ಣೆ ಆಕಿದ್ಯಾರು?”

“ನಾನೇ” ಎಂದಳು ಚಿಕ್ಕವ್ವ ಬಾಗಿಲಲ್ಲಿ ನಿಂತು.

ಅಜ್ಜಿ ಕಂಬದ ಹತ್ತಿರದಿಂದಲೇ, “ಒಳ್ಳೇ ಕೆಲ್ಸಾನೇ ಮಾಡ್ದೆ ಬುಡು. ಈಗ್ಲಾದ್ರೂ ಅವ್ನು ಮನೇಲಿ ಬಿದ್ದಿರ್ಲಿ” ಅಂದರು. ಅವ್ವನೂ ತಲೆಯಾಡಿಸಿದಳು. ಗಂಡನನ್ನು ಹಿಡಿದು ನಿಲ್ಲಿಸಲು ಸೊಸೆ ಜಾಣತನ ಮಾಡಿದ್ದಾಳೆ ಎಂದೇ ಎಲ್ಲರೂ ತಿಳಿದದ್ದು. ಚಿಕ್ಕಪ್ಪನೂ ಹಾಗೇ ತಿಳಿದರು ಎಂಬುದು ಅವರು ಕತ್ತು ಬಗ್ಗಿಸಿದ ರೀತಿಯಲ್ಲೇ ಕಾಣುತ್ತಿತ್ತು.

ಚಿಕ್ಕವ್ವನ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿಯಾಗಿತ್ತು. “ನಿಲ್ಲುಸಕ್ಕೆ ಅಲ್ಲ ಕಣತ್ತೆ ಆಕಿದ್ದು. ಗಾಡಿಗೆ ಆಕಿದ್ರೆ ಓಡಕ್ಕಿಲ್ವಾ? ಇದೂ ಚೆಂದಾಗಿ ಓಡ್ಲಿ ಅಂತ ಆಕ್ದೆ. ದಿನಾ ಕಿರ್ ಅಂತಿತ್ತು, ಎಣ್ಣೆ ಸಾಲ್ದೇನೋ, ನೋವಾಯ್ತದೇನೋ ಅಂದ್ಕಂಡೆ.”

ಚಿಕ್ಕಪ್ಪ ತಲೆಯೆತ್ತಿದರು. ಆಮೇಲೆ ಪಂಚೆಯ ಅಂಚಿನಲ್ಲಿ ಜಾಗ ಮಾಡಿ, “ಬಾ ಇಲ್ಲಿ, ಕುಂತ್ಕೋ. ಸೀಮೆಎಣ್ಣೆ ತತ್ತಾ ಪುಟ್ಟಿ” ಅಂದರು. ಗಂಡನ ಪಕ್ಕ ಎಲ್ಲರೆದುರು ಜಗಲಿಯಲ್ಲಿ ಹೆಂಡತಿ ಕೂರುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಅವಳು ಕೂತಳು. ಒಂದೊಂದೇ ಚೂರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಪುಕ್ಕದಲ್ಲಿ ಉಜ್ಜಿ, ಒರೆಸಿ, ತೆಗೆದ ಕ್ರಮದಲ್ಲೇ ಸಾಲಾಗಿ ಇಟ್ಟರು. ಹಲ್ಲಿಗೆ ಗ್ರೀಸು, ಅದೂ ತೆಳ್ಳಗೆ. ಕೀಲಿಗೆ ಒಂದು ಹನಿ. ಬ್ರೇಕಿನ ಬಿಲ್ಲೆಗೆ ಎಣ್ಣೆ ಸೋಕಲೇಬಾರದು, ಸೋಕಿದರೆ ಹಿಡಿಯುವುದಿಲ್ಲ. ಕಿರ್ ಅನ್ನುವುದು ನೋವಲ್ಲ, ಮೀನು ದಾರ ಎಳೆದದ್ದನ್ನು ತಿಳಿಸುವ ಸದ್ದು. ಅವರು ಹೇಳುತ್ತ ಹೋದರು, ಅವಳು ಹೂಂಗುಟ್ಟುತ್ತ ಹೋದಳು. ಹೀಗೆ ಕೆಲವು ಸಂಜೆ ಕಳೆದವು. ಕೊನೆಗೆ ಜೋಡಿಸಿದ್ದು ಚಿಕ್ಕವ್ವನೇ. ಹಿಡಿ ತಿರುಗಿಸಿದಳು. ಕಿರ್ರ್! ಅವಳು ನಕ್ಕುಬಿಟ್ಟಳು. ನಗುತ್ತಲೇ ಕೇಳಿದಳು: “ಅಲ್ಲಿ ನನ್ಗೂ ಕೆಲ್ಸ ಇರ್ತದಾ? ನಾನೂ ಬತ್ತೀನಿ. ಸಮುದ್ರ ಅಂದ್ರೆ ಎಂಗಿರ್ತದೆ ಅಂತ ಒಂದ್ ಕಿತನಾದ್ರೂ ನೋಡ್ಬೇಕು.”

ಕಂಬದ ಹತ್ತಿರ ಅಜ್ಜಿಯ ಅಡಿಕೆ ಕತ್ತರಿ ನಿಂತಿತು.

ದೀಪಾವಳಿ ಕಳೆದು, ಬೆಲ್ಲದ ಪಿಂಡಿಗಳ ಲಾರಿಯಲ್ಲಿ ಇಬ್ಬರೂ ಹೋದರು. ಅಜ್ಜಿ ಬೈದರು, ಅತ್ತರು, ಕೊನೆಗೆ ಮಾದಪ್ಪನ ವಿಭೂತಿಯನ್ನು ಇಬ್ಬರ ಹಣೆಗೂ ಇಟ್ಟರು. ಲಾರಿ ತಿರುಗಿದ ಮೇಲೆ ನಾನು ಮಾರಮ್ಮನ ಗುಡಿಯ ಕಡೆ ನೋಡಲಿಲ್ಲ. ಕೇಳಿದ್ದನ್ನು ಅವಳು ಕೊಟ್ಟಿದ್ದಳು. ಮನೆಯಲ್ಲಿ ಆ ಸದ್ದು ಇರಲಿಲ್ಲ. ಸಂಜೆಯಾದರೆ ನಾವೆಲ್ಲ ಏನನ್ನೋ ಕಾಯುವವರ ಹಾಗೆ ಕೂರುತ್ತಿದ್ದೆವು. ಅವ್ವ ಮುದ್ದೆ ತಿರುವುತ್ತ ಕಾರಣವಿಲ್ಲದೆ ಕೈ ನಿಲ್ಲಿಸುವಳು. ಅಜ್ಜಿ ಒಮ್ಮೊಮ್ಮೆ, “ಕೂಗ್ದಂಗಾಯ್ತಾ?” ಎಂದು ಕೇಳುವರು. ಮನೆ ಆಗಲೂ ಕೂತಲ್ಲಿ ಕೂರುತ್ತಿರಲಿಲ್ಲ.

ಒಂದೇ ಒಂದು ಸಲ, ಗೌರಿಹಬ್ಬಕ್ಕೆ, ಇಬ್ಬರೂ ಬಂದರು. ಚಿಕ್ಕವ್ವ ಕಪ್ಪಗಾಗಿದ್ದಳು, ದನಿ ದೊಡ್ಡದಾಗಿತ್ತು. ಚೀಲದಿಂದ ರೀಲು ತೆಗೆದು, ಬೋಸಿಗೆ ನೀರು ತುಂಬಿ, ಹಳೆಯ ಜಾಗದಲ್ಲೇ ಕೂತು ತಾನೇ ತೊಳೆಯತೊಡಗಿದಳು. ಅಂಚಿನಲ್ಲಿ ಬೆಳ್ಳಗೆ ಕಟ್ಟಿದ್ದನ್ನು ಬೆರಳಲ್ಲಿ ತೆಗೆದು ನನ್ನ ನಾಲಗೆಗೆ ಇಟ್ಟಳು. ಉಪ್ಪು. ಮತ್ತೊಂದು ಬೆರಳು ಅಜ್ಜಿಯ ನಾಲಗೆಗೆ. “ಈಗ ಉಪ್ಪದೆ ನೋಡತ್ತೆ” ಎಂದಳು. ಅಜ್ಜಿ ಚಪ್ಪರಿಸಿ, ಅವಳ ತಲೆಯ ಮೇಲೆ ಕೈಯಿಟ್ಟರು.

ಅಜ್ಜಿ ಹೋದರು. ಗದ್ದೆ ಪಾಲಾಯಿತು, ಮನೆ ಬಿತ್ತು, ಆ ಜಾಗದಲ್ಲಿ ಈಗ ಯಾರದೋ ಟ್ರ್ಯಾಕ್ಟರು ನಿಲ್ಲುತ್ತದೆ. ಚಿಕ್ಕಪ್ಪ ಕಡಲ ಊರಿನಲ್ಲೇ ತೀರಿಕೊಂಡರು, ಚಿಕ್ಕವ್ವ ಅವರ ಹಿಂದೆಯೇ. ರೀಲು ಏನಾಯಿತೋ ತಿಳಿಯದು. ಎಲ್ಲಾದರೂ ಇದ್ದರೆ ಬ್ರೇಕು ಸಡಿಲ ಮಾಡಿಟ್ಟಿರಲಿ ಎಂದುಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಮಾರಮ್ಮನಿಗೆ ತಂಬಿಟ್ಟಿನ ಆರತಿ ಕೊಟ್ಟು ಬರುತ್ತೇನೆ. ಏನನ್ನೂ ಕೇಳುವುದಿಲ್ಲ. ಆ ಗೌರಿಹಬ್ಬದಂದು ಚಿಕ್ಕವ್ವನ ಮುಖದಲ್ಲಿ ಉಪ್ಪು ನೀರಿನ ಬೆಳಕಿತ್ತಲ್ಲ, ಅದನ್ನು ನೋಡುವ ಒಂದು ದಿನ ನಮಗೆ ಸಿಕ್ಕಿತಲ್ಲ, ಅದೂ ಒಂದು ಪುಣ್ಯವೆಂದು ಹೇಳಿ ಬರುತ್ತೇನೆ.

ದೀಪವನ್ನು ಹಾಗೇ ಬಿಟ್ಟು ಬಾಗಿಲಿಗೆ ಬಂದೆ. ಹುಡುಗಿ ನನ್ನನ್ನು ಕಂಡು ಕಾಲು ನಿಲ್ಲಿಸಿದಳು. “ಪೂಜೆ ಮಾಡ್ತಿದ್ರಾ ಆಂಟಿ? ಸಾರಿ, ಸದ್ದು ಮಾಡಲ್ಲ.”

“ಇಲ್ಲ ಕಣಮ್ಮ, ತಿರುಗಿಸು” ಅಂದೆ. “ನಿನ್ ಗೆಳತಿ ಬರೋಗಂಟ ತಿರುಗಿಸು.”

ಅವಳು ಏನೂ ಅರ್ಥವಾಗದೆ ನಕ್ಕು ತಿರುಗಿಸಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅಷ್ಟರಲ್ಲಿ ಗೆಳತಿ ಬಂದಳು. ಇಬ್ಬರೂ ಸೈಕಲ್ಲು ಹತ್ತಿ ರಸ್ತೆಯ ತುದಿಯವರೆಗೆ ಹೋದರು, ತಿರುವಿನಲ್ಲಿ ಕಾಣದಾದರು.